ಫೀನಿಕ್ಸ್ ಮರುಭೂಮಿಯ ಹಿತ್ತಲಲ್ಲಿ ಮಾವು, ಸೀಬೆ, ಸಪೋಟ: ಬೇರಿನಿಂದ ಶುರು ಮಾಡಿ

ನಾನು ಕಂಡಮಟ್ಟಿಗೆ ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ಕಣಿವೆಯಲ್ಲಿ ನೆಟ್ಟ ಮಾವಿನ ಗಿಡ ಸಾಯುವುದು ಹೆಚ್ಚಾಗಿ ಎರಡನೆಯ ಬೇಸಿಗೆಯಲ್ಲಿ. ಮೊದಲ ವರ್ಷ ಅದು ನರ್ಸರಿಯಿಂದ ಬಂದ ಮಣ್ಣಿನ ಮುದ್ದೆಯ ಬಲದಲ್ಲಿಯೇ ನಿಂತಿರುತ್ತದೆ, ಎರಡು ಸಲ ಕೆಂಪು ಚಿಗುರನ್ನೂ ಬಿಟ್ಟಿರುತ್ತದೆ, ಮನೆಯವರಿಗೆ ಗಿಡ ಹಿಡಿದುಕೊಂಡಿತು ಎಂಬ ಭರವಸೆ ಬಂದಿರುತ್ತದೆ. ಮರುವರ್ಷದ ಜೂನ್ ತಿಂಗಳಿನಲ್ಲಿ ಎಲೆಯ ತುದಿ ಕಂದಾಗಿ, ಆ ಕಂದು ಅಂಚಿನಗುಂಟ ಒಳಕ್ಕೆ ಇಳಿದು, ಆಗಸ್ಟ್ ಹೊತ್ತಿಗೆ ಕಡ್ಡಿ ಮಾತ್ರ ಉಳಿದಾಗ ಎಲ್ಲರೂ ಹೇಳುವ ಮಾತು ಒಂದೇ: ಬಿಸಿಲಿಗೆ ಸುಟ್ಟುಹೋಯಿತು. ಬಹಳಷ್ಟು ಸಲ ಅದು ನಿಜವಲ್ಲ. ಬಿಸಿಲು ಕೊನೆಯ ಏಟು ಕೊಟ್ಟಿರುತ್ತದೆ ಅಷ್ಟೆ. ಅದಕ್ಕಿಂತ ಮೊದಲೇ ಉಪ್ಪು, ಉಸಿರುಗಟ್ಟಿಸುವ ಗುಂಡಿ ಮತ್ತು ದಿನಾ ಚೂರುಚೂರು ನೀರು ಹಾಕುವ ಪ್ರೀತಿ, ಈ ಮೂರೂ ಸೇರಿ ಬೇರನ್ನು ಮುಗಿಸಿರುತ್ತವೆ. ಆದ್ದರಿಂದ ಈ ಲೇಖನದಲ್ಲಿ ಎಲೆಗಿಂತ ಬೇರಿನ ಮಾತೇ ಹೆಚ್ಚು.

ಮೊದಲು ಇಲ್ಲಿಯ ಹವೆಯ ಸ್ವಭಾವವನ್ನು ಅರಿಯಬೇಕು. ಫೀನಿಕ್ಸ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 7 ಇಂಚು, ಎಂದರೆ 180 ಮಿಲಿಮೀಟರ್. ಕರ್ನಾಟಕದ ಒಣ ತಾಲೂಕುಗಳಲ್ಲೊಂದಾದ ಚಳ್ಳಕೆರೆಯಲ್ಲೂ ಇದರ ಎರಡು ಪಟ್ಟಿಗಿಂತ ಹೆಚ್ಚು ಬೀಳುತ್ತದೆ. 2023ರಲ್ಲಿ ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ ಉಷ್ಣಾಂಶ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಮೇಲಿತ್ತು. ಆ ಬೇಸಿಗೆಯಲ್ಲಿ ಗಿಡಗಳನ್ನು ಹೆಚ್ಚು ಕಾಡಿದ್ದು ಹಗಲಿಗಿಂತ ರಾತ್ರಿ ಎಂದು ನನ್ನ ಅಭಿಪ್ರಾಯ. ಜುಲೈ 19ರ ರಾತ್ರಿ ಉಷ್ಣಾಂಶ 97 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 36 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಲೇ ಇಲ್ಲ. ಮೇ, ಜೂನ್ ತಿಂಗಳುಗಳ ಮಧ್ಯಾಹ್ನದಲ್ಲಿ ಗಾಳಿಯ ತೇವಾಂಶ ಶೇಕಡ 10ಕ್ಕಿಂತ ಕೆಳಗಿರುವುದು ಸಾಮಾನ್ಯ. ಇಷ್ಟಾಗಿಯೂ ಡಿಸೆಂಬರ್, ಜನವರಿಯ ಕೆಲವು ರಾತ್ರಿಗಳಲ್ಲಿ ನೀರು ಹೆಪ್ಪುಗಟ್ಟುವ ಚಳಿ ಬರುತ್ತದೆ. ಹೀಗೆ ನಮ್ಮ ಊರಿನ ಹಣ್ಣಿನ ಮರ ಇಲ್ಲಿ ಎರಡು ಪರೀಕ್ಷೆಗಳಲ್ಲಿ ಪಾಸಾಗಬೇಕು, ಅದೂ ಒಂದೇ ವರ್ಷದಲ್ಲಿ.

ಯಾವ ಮರ

ಮೊದಲ ಹೆಜ್ಜೆ ಆಸೆಯನ್ನು ಮೂರು ಪಾಲು ಮಾಡುವುದು. ದಾಳಿಂಬೆ, ಅಂಜೂರ, ಎಲಚಿ, ಖರ್ಜೂರ, ಹಿಪ್ಪುನೇರಳೆ ಇವು ಒಣ ಸೀಮೆಗೇ ಒಗ್ಗಿದ ಮರಗಳು. ಇವನ್ನು ಕೊಲ್ಲುವುದಕ್ಕೆ ನಿಜವಾಗಿಯೂ ಶ್ರಮಪಡಬೇಕು. ಹೊಸಬರು ಮೊದಲ ವರ್ಷ ಒಂದು ದಾಳಿಂಬೆಯನ್ನೋ ಅಂಜೂರವನ್ನೋ ನೆಟ್ಟು, ತಮ್ಮ ಹಿತ್ತಲಿನ ಮಣ್ಣು ಮತ್ತು ನೀರು ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ಆ ಗಿಡದ ಮೂಲಕ ಕಲಿಯುವುದು ಜಾಣತನ. ಎರಡನೆಯ ಪಾಲಿನಲ್ಲಿ ಸೀಬೆ, ಮಾವು, ನೇರಳೆ, ಸಪೋಟ, ಸೀತಾಫಲ, ಹುಣಸೆ, ನುಗ್ಗೆ, ಬಾಳೆ, ಡ್ರ್ಯಾಗನ್ ಹಣ್ಣು ಬರುತ್ತವೆ. ಮೊದಲ ಮೂರು ವರ್ಷ ಮಗುವಿನ ಹಾಗೆ ನೋಡಿಕೊಂಡರೆ ಇವು ಬದುಕುತ್ತವೆ. ಇವುಗಳಲ್ಲಿ ಸೀಬೆ ಅತ್ಯಂತ ಸಹನಶೀಲ. ಚಳಿಗೆ ರೆಂಬೆ ಕರಟಿದರೂ ಬುಡದಿಂದ ಚಿಗುರಿ, ಬೇಗನೆ ಮತ್ತೆ ಕಾಯಿ ಬಿಡುತ್ತದೆ. ನುಗ್ಗೆಯ ಮಾತನ್ನಂತೂ ಹೇಳುವುದೇ ಬೇಡ, ಬೇಸಿಗೆಯಲ್ಲಿ ಅದನ್ನು ಕತ್ತರಿಸುವುದೇ ಒಂದು ಕೆಲಸ.

ಮೂರನೆಯ ಪಾಲಿನಲ್ಲಿ ಹಲಸು, ತೆಂಗು, ಬೆಣ್ಣೆಹಣ್ಣು, ಲಿಚಿ ಇವೆ. ಬೆಣ್ಣೆಹಣ್ಣು ಮತ್ತು ಲಿಚಿಗೆ ಉಪ್ಪನ್ನು ತಾಳುವ ಶಕ್ತಿ ತೀರ ಕಡಿಮೆ. ತೆಂಗಿಗೆ ಇಲ್ಲಿಯ ಚಳಿಗಾಲದ ತಣ್ಣನೆಯ ಮಣ್ಣು ಆಗದು. ಎಳೆಯ ಹಲಸು ಒಣ ಗಾಳಿಗೂ ಚಳಿಗೂ ಸಮನಾಗಿ ಸೋಲುತ್ತದೆ. ಹಲಸಿನ ತೊಳೆಯ ನೆನಪು ಎಷ್ಟೇ ಕಾಡಿದರೂ ಅದನ್ನು ನಿಮ್ಮ ಮೊದಲ ಮರವಾಗಿ ಮಾತ್ರ ಆರಿಸಬೇಡಿ.

ಮಾವಿನ ತಳಿಯ ವಿಷಯಕ್ಕೆ ಬಂದರೆ, ಹೆಸರಿಗಿಂತ ಅಡಿಗಿಡ, ಎಂದರೆ ಕಸಿ ಗಿಡಕ್ಕೆ ಬೇರು ಕೊಡುವ ಗಿಡ, ಮುಖ್ಯ. ಫ್ಲಾರಿಡಾದಿಂದ ಬರುವ ಕಸಿ ಗಿಡಗಳು ಸಾಮಾನ್ಯವಾಗಿ ಟರ್ಪೆಂಟೈನ್ ಎಂಬ ತಳಿಯ ಅಡಿಗಿಡದ ಮೇಲೆ ಇರುತ್ತವೆ. ಅದು ಸುಣ್ಣದ ಮಣ್ಣನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಇಸ್ರೇಲಿನವರು ಉಪ್ಪು ನೀರಿಗೂ ಸುಣ್ಣದ ಮಣ್ಣಿಗೂ ಒಗ್ಗುವ ‘13-1’ ಎಂಬ ಅಡಿಗಿಡವನ್ನು ಬಳಸುತ್ತಾರೆ. ನನಗೆ ಹೆಚ್ಚು ಫಲ ಕೊಟ್ಟ ದಾರಿ ಬೇರೆಯದು: ಇಲ್ಲಿಯ ಅಂಗಡಿಯಲ್ಲಿ ಸಿಗುವ ಮನೀಲಾ ಮಾವಿನ ಹಣ್ಣಿನ ಓಟೆಯನ್ನು ನೇರವಾಗಿ ನೆಲದಲ್ಲಿ ಊರಿ, ಎರಡು ವರ್ಷ ತಾಯಿಬೇರು ಆಳಕ್ಕೆ ಇಳಿಯಲು ಬಿಟ್ಟು, ನಂತರ ಬೇಕಾದ ತಳಿಯನ್ನು ಅದಕ್ಕೆ ಕಸಿ ಕಟ್ಟುವುದು. ಕುಂಡದಲ್ಲಿ ಸುತ್ತಿಕೊಂಡ ಬೇರಿಗೂ ನೆಲದಲ್ಲೇ ಹುಟ್ಟಿ ನೇರ ಇಳಿದ ಬೇರಿಗೂ ಇಲ್ಲಿ ಅಜಗಜಾಂತರ. ಗ್ಲೆನ್, ವ್ಯಾಲೆನ್ಸಿಯಾ ಪ್ರೈಡ್ ತಳಿಗಳು ಈ ಕಣಿವೆಯ ಹಲವು ಹಿತ್ತಲುಗಳಲ್ಲಿವೆ. ಆಪೂಸು ಮತ್ತು ಕೇಸರ್ ಕೂಡ ಬದುಕುತ್ತವೆ. ಪಕ್ಕದ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಕಣಿವೆಯಲ್ಲಿ, ಇಷ್ಟೇ ಬಿಸಿಲಿನಲ್ಲಿ, ಕೀಟ್ ತಳಿಯ ಮಾವನ್ನು ಮಾರಾಟಕ್ಕೇ ಬೆಳೆಯುತ್ತಾರೆ ಎಂಬುದನ್ನು ಧೈರ್ಯಕ್ಕಾಗಿ ನೆನಪಿಟ್ಟುಕೊಳ್ಳಬಹುದು.

ಒಂದು ಎಚ್ಚರಿಕೆಯ ಮಾತು. ಊರಿಗೆ ಹೋಗಿ ಬರುವಾಗ ರಸಪುರಿಯ ಓಟೆಯನ್ನೋ ಕರಿಬೇವಿನ ಸಸಿಯನ್ನೋ ಸೂಟ್‌ಕೇಸಿನಲ್ಲಿ ಅಡಗಿಸಿ ತರಬೇಡಿ. ಮಾವಿನ ಓಟೆಯೊಳಗೆ ಓಟೆಕೊರಕ ಹುಳು ಬರುತ್ತದೆ. ಕರಿಬೇವು ನಿಂಬೆಯ ಕುಟುಂಬಕ್ಕೇ ಸೇರಿದ್ದು. ಕಿತ್ತಳೆ, ನಿಂಬೆ ತೋಟಗಳನ್ನು ನಾಶ ಮಾಡುವ ರೋಗವನ್ನು ಹರಡುವ ಕೀಟ ಅದರ ಮೇಲೆ ಬದುಕುತ್ತದೆ. ಬೇರೆ ರಾಜ್ಯಗಳಿಂದ ನಿಂಬೆ ಜಾತಿಯ ಗಿಡಗಳನ್ನು ಅರಿಜೋನಾಕ್ಕೆ ತರುವುದಕ್ಕೂ ನಿರ್ಬಂಧಗಳಿವೆ. ಕರಿಬೇವು ಇಲ್ಲಿಯ ನರ್ಸರಿಗಳಲ್ಲೇ ಸಿಗುತ್ತದೆ.

ಎಲ್ಲಿ

ಹಿತ್ತಲಿನಲ್ಲಿ ಎಲ್ಲ ಜಾಗವೂ ಒಂದೇ ಅಲ್ಲ. ಮಧ್ಯಾಹ್ನ ಎರಡರಿಂದ ಸೂರ್ಯಾಸ್ತದವರೆಗಿನ ಬಿಸಿಲೇ ಇಲ್ಲಿ ಶತ್ರು. ಆದ್ದರಿಂದ ಮನೆಯ ಪೂರ್ವಕ್ಕೆ, ಬೆಳಗಿನ ಬಿಸಿಲು ಸಿಕ್ಕಿ ಮಧ್ಯಾಹ್ನದ ನಂತರ ಮನೆಯ ನೆರಳು ಬೀಳುವ ಜಾಗ ಎಳೆಯ ಗಿಡಗಳಿಗೆ ಅತ್ಯುತ್ತಮ. ಪಶ್ಚಿಮದ ಬಿಸಿಲನ್ನು ಎದುರಿಸುವ ಸಿಮೆಂಟ್ ಇಟ್ಟಿಗೆಯ ಕಾಂಪೌಂಡ್ ಗೋಡೆ ಹಗಲಿಡೀ ಕಾದು, ರಾತ್ರಿ ಹನ್ನೊಂದಕ್ಕೂ ಶಾಖ ಕಾರುತ್ತಿರುತ್ತದೆ. ಜುಲೈನಲ್ಲಿ ರಾತ್ರಿ ಊಟವಾದ ಮೇಲೆ ಅದರ ಮೇಲೆ ಅಂಗೈ ಇಟ್ಟು ನೋಡಿದರೆ ನಿಮಗೇ ತಿಳಿಯುತ್ತದೆ. ಆ ಗೋಡೆಗೆ ದಾಳಿಂಬೆ ಕೊಡಿ, ಸಪೋಟ ಕೊಡಬೇಡಿ. ಆದರೆ ಚಳಿಗಾಲದಲ್ಲಿ ಇದೇ ಲೆಕ್ಕ ತಿರುಗುಮುರುಗಾಗುತ್ತದೆ: ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯ ಶಾಖ ಜನವರಿಯ ರಾತ್ರಿ ಗಿಡವನ್ನು ಕಾಯುತ್ತದೆ. ಆಗ್ನೇಯ ಮೂಲೆ ಎರಡಕ್ಕೂ ಸಲ್ಲುವ ರಾಜಿ. ಇಲ್ಲಿಯ ಮರುಭೂಮಿಯ, ಜಾಲಿಯಂಥ ಮೆಸ್ಕೀಟ್‌ನ ದೊಡ್ಡ ಮರ ಈಗಾಗಲೇ ಇದ್ದರೆ ಅದರ ಚದುರಿದ ನೆರಳಿನ ಅಂಚು ಸೀತಾಫಲಕ್ಕೆ ಹೇಳಿ ಮಾಡಿಸಿದಂತಿರುತ್ತದೆ.

ಗುಂಡಿ

ಅಗೆಯುವ ಮೊದಲು 811ಕ್ಕೆ ಕರೆ ಮಾಡಿ ನೆಲದೊಳಗಿನ ಗ್ಯಾಸ್, ವಿದ್ಯುತ್, ಕೇಬಲ್ ಮಾರ್ಗಗಳನ್ನು ಗುರುತು ಮಾಡಿಸಿಕೊಳ್ಳಿ. ಇದು ಉಚಿತ, ಎರಡು ಕೆಲಸದ ದಿನ ಮುಂಚೆ ಹೇಳಬೇಕು.

ಇಲ್ಲಿಯ ಮಣ್ಣು ಕ್ಷಾರೀಯ, ಪಿಎಚ್ 8ರಿಂದ 8.5ರ ಆಸುಪಾಸು, ಸಾವಯವ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಹಲವು ಕಡೆ ಒಂದೆರಡು ಅಡಿಯ ಕೆಳಗೆ ಕಲೀಚೆ ಎಂಬ ಬಿಳಿಯ ಪದರ ಸಿಗುತ್ತದೆ. ಬಯಲುಸೀಮೆಯಲ್ಲಿ ಬಾವಿ ತೋಡುವಾಗ ಸುಣ್ಣಕಲ್ಲಿನ ಗರಸನ್ನು ನೋಡಿದವರಿಗೆ ಇದು ಪರಿಚಿತವೆನಿಸುತ್ತದೆ. ಮಣ್ಣಿನ ಕಣಗಳನ್ನು ಸುಣ್ಣ ಸಿಮೆಂಟಿನಂತೆ ಬೆಸೆದಿರುತ್ತದೆ, ಸಲಿಕೆ ತಾಕಿದರೆ ಟಣ್ ಎನ್ನುತ್ತದೆ, ನೀರು ಅದರ ಮೇಲೆ ನಿಂತುಬಿಡುತ್ತದೆ.

ನನ್ನ ಮೊದಲ ಮಾವಿನ ಗಿಡ ಸತ್ತದ್ದು ಈ ಪದರದಿಂದಲೇ, ಆದರೆ ಪೆಟ್ಟು ಕೊಟ್ಟವನು ನಾನು. ಕಲೀಚೆಯನ್ನು ಅರ್ಧ ಒಡೆದು, ಕೈ ಸೋತು, ಆ ಬಟ್ಟಲಿಗೆ ಆರು ಚೀಲ ಕಪ್ಪನೆಯ ಕುಂಡದ ಮಣ್ಣು ತುಂಬಿ ಗಿಡ ನೆಟ್ಟೆ. ನೋಡುವುದಕ್ಕೆ ಅದು ಮಲೆನಾಡಿನ ಮಣ್ಣಿನಂತೆಯೇ ಇತ್ತು. ಹದಿನಾಲ್ಕು ತಿಂಗಳ ನಂತರ ಒಣಗಿದ ಗಿಡವನ್ನು ಎಳೆದಾಗ ಅದು ಒಂದೇ ಕೈಗೆ ಬಂದಿತು. ತಳದಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಕೆಸರು, ಬೇರು ಕಪ್ಪಾಗಿ ಸಿಪ್ಪೆ ಜಾರುತ್ತಿತ್ತು, ಮೇಲಿನ ಮೂರು ಇಂಚು ಮಾತ್ರ ಬೂದಿಯಂತೆ ಒಣ. ನೀರು ಸಾಲದೆಂದು ನಾನು ದಿನವೂ ಹಾಕುತ್ತಿದ್ದ ಗಿಡ ನೀರಿನಲ್ಲಿ ಮುಳುಗಿ ಸತ್ತಿತ್ತು.

ಆದ್ದರಿಂದ ಪರೀಕ್ಷೆಯನ್ನು ಮೊದಲು ಮಾಡಿ. ಒಂದು ಅಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ ತೋಡಿ, ತುಂಬ ನೀರು ಹಾಕಿ ಪೂರ್ತಿ ಇಂಗಲು ಬಿಡಿ. ಎರಡನೆಯ ಸಲ ತುಂಬಿಸಿ, ಒಳಗೆ ಒಂದು ಅಳತೆ ಪಟ್ಟಿ ನಿಲ್ಲಿಸಿ, ಗಂಟೆಗೆ ಎಷ್ಟು ಇಳಿಯುತ್ತದೆ ನೋಡಿ. ಗಂಟೆಗೆ ಒಂದು ಇಂಚು ಇಳಿದರೂ ಆಗಬಹುದು. ಮರುದಿನವೂ ನೀರು ನಿಂತಿದ್ದರೆ ಮೂರೇ ದಾರಿ. ಪದರವನ್ನು ಹಾರೆಯಿಂದ ಅಥವಾ ಬಾಡಿಗೆಯ ಜ್ಯಾಕ್‌ಹ್ಯಾಮರ್‌ನಿಂದ ಪೂರ್ತಿ ತೂತು ಮಾಡಿ, ನೀರು ಕೆಳಕ್ಕೆ ಹೋಗುವ ಒಂದು ಚಿಮಣಿಯನ್ನಾದರೂ ತೆಗೆಯಬೇಕು. ಇಲ್ಲವೇ ಜಾಗ ಬದಲಾಯಿಸಬೇಕು ಅಥವಾ ಒಂದೂವರೆ ಅಡಿ ಎತ್ತರದ, ಐದಾರು ಅಡಿ ಅಗಲದ ದಿಬ್ಬ ಮಾಡಿ ಅದರ ಮೇಲೆ ನೆಡಬೇಕು. ದಿಬ್ಬ ಬೇಗ ಒಣಗುತ್ತದೆ, ಆದರೂ ಬೇರು ಉಸಿರಾಡುತ್ತದೆ.

ನೀರು ಇಂಗುವ ಜಾಗದಲ್ಲಿ ಗುಂಡಿಯ ಆಳ ಕುಂಡದಷ್ಟೇ ಇರಲಿ, ಅಗಲ ಅದರ ಮೂರು ಪಟ್ಟು. ತೆಗೆದ ಮಣ್ಣನ್ನೇ ಮತ್ತೆ ತುಂಬಿ. ಗೊಬ್ಬರ, ಕಾಂಪೋಸ್ಟ್ ಏನಿದ್ದರೂ ಮೇಲ್ಗಡೆ ಹಾಸುವುದಕ್ಕೆ ಉಳಿಸಿಕೊಳ್ಳಿ, ಗುಂಡಿಯೊಳಕ್ಕೆ ಬೇಡ. ಒಳಗೆ ಮೆತ್ತನೆಯ ಮಣ್ಣು, ಹೊರಗೆ ಗಟ್ಟಿ ನೆಲ ಇದ್ದರೆ ಬೇರು ಒಳಗೇ ಸುತ್ತಿಕೊಂಡು ಕುಳಿತುಬಿಡುತ್ತದೆ, ಮತ್ತು ಸಾವಯವ ಪದಾರ್ಥ ಕರಗಿದಂತೆ ಗಿಡ ಕೆಳಕ್ಕೆ ಕುಸಿದು ಅದರ ಕೊರಳು ಮಣ್ಣಿನಲ್ಲಿ ಹೂತುಹೋಗುತ್ತದೆ.

ನೆಡುವ ಕಾಲ ಮಾವು, ಸಪೋಟ, ಸೀತಾಫಲದಂಥ ಚಳಿ ತಡೆಯದ ಗಿಡಗಳಿಗೆ ಫೆಬ್ರವರಿ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ. ದಾಳಿಂಬೆ, ಅಂಜೂರದಂಥವನ್ನು ಅಕ್ಟೋಬರಿನಲ್ಲೂ ನೆಡಬಹುದು. ಜೂನ್‌ನಲ್ಲಿ ರಿಯಾಯಿತಿ ದರಕ್ಕೆ ಸಿಗುವ ಗಿಡವನ್ನು ನರ್ಸರಿಯಲ್ಲೇ ಬಿಟ್ಟು ಬನ್ನಿ. ಸಮುದ್ರತೀರದ ನರ್ಸರಿಯಿಂದ ಬಂದ ಗಿಡವಾದರೆ ಎರಡು ಮೂರು ವಾರ ನೆರಳಿನಲ್ಲಿಟ್ಟು, ಬೆಳಗಿನ ಬಿಸಿಲನ್ನು ದಿನಕ್ಕೆ ಸ್ವಲ್ಪಸ್ವಲ್ಪ ಹೆಚ್ಚಿಸುತ್ತ ಪಳಗಿಸಿ. ಕಪ್ಪು ಪ್ಲಾಸ್ಟಿಕ್ ಕುಂಡವನ್ನು ಕಾಂಕ್ರೀಟಿನ ಮೇಲೆ ಬಿಸಿಲಿಗೆ ಇಡಬೇಡಿ. ಬಿಸಿಲು ತಾಕುವ ಬದಿಯ ಬೇರು ಒಂದೇ ಮಧ್ಯಾಹ್ನದಲ್ಲಿ ಬೆಂದುಹೋಗಬಹುದು.

ನೀರು

ಈ ಭಾಗವನ್ನು ಎರಡು ಸಲ ಓದಿ ಎಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಉಳಿದ ತಪ್ಪುಗಳನ್ನು ಗಿಡ ಕ್ಷಮಿಸಬಹುದು, ಇದನ್ನಲ್ಲ.

ನಮ್ಮ ನಲ್ಲಿಯ ನೀರಿನ ಒಂದು ಪಾಲು ಸಾಲ್ಟ್ ಮತ್ತು ವೆರ್ಡೆ ನದಿಗಳದ್ದು. ಸಾಲ್ಟ್ ಎಂದರೆ ಉಪ್ಪು, ಆ ಹೆಸರು ಸುಮ್ಮನೆ ಬಂದದ್ದಲ್ಲ. ಇನ್ನೊಂದು ಪಾಲು 336 ಮೈಲಿ ಉದ್ದದ ತೆರೆದ ಕಾಲುವೆಯಲ್ಲಿ ಮರುಭೂಮಿಯನ್ನು ದಾಟಿ ಬರುವ ಕೊಲರಾಡೊ ನದಿಯದ್ದು. ಲೀಟರಿಗೆ 500ರಿಂದ 700 ಮಿಲಿಗ್ರಾಂ ಲವಣ ಈ ನೀರಿನಲ್ಲಿ ಸಾಮಾನ್ಯ. 600 ಎಂದೇ ಇಟ್ಟುಕೊಳ್ಳಿ. ಸಾವಿರ ಲೀಟರ್ ನೀರು ಹಾಕಿದರೆ ನೆಲಕ್ಕೆ 600 ಗ್ರಾಂ ಲವಣ ಸುರಿದಂತಾಯಿತು. ಗಿಡ ನೀರನ್ನು ಕುಡಿಯುತ್ತದೆ, ಬಿಸಿಲು ಉಳಿದದ್ದನ್ನು ಆವಿ ಮಾಡುತ್ತದೆ, ಲವಣ ಮಾತ್ರ ಅಲ್ಲೇ ಉಳಿಯುತ್ತದೆ. ಊರಿನಲ್ಲಿ ಒಂದು ಮುಂಗಾರು ಬಂದರೆ ಅದೆಲ್ಲ ತೊಳೆದು ಕೆಳಕ್ಕೆ ಹೋಗುತ್ತದೆ. ಇಲ್ಲಿ ತೊಳೆಯಬೇಕಾದವರು ನೀವೇ. ಕಾಲುವೆ ನೀರಿನ ಗದ್ದೆಗಳು ವರ್ಷಗಳಲ್ಲಿ ಚೌಳಾದದ್ದನ್ನು ತುಂಗಭದ್ರಾ ಅಚ್ಚುಕಟ್ಟಿನ ಕಡೆಯವರು ಕಂಡಿರುತ್ತಾರೆ; ಹಿತ್ತಲಿನ ಒಂದು ಪಾತಿಯೊಳಗೆ ಅದೇ ಕಥೆ ಎರಡು ವರ್ಷದಲ್ಲಿ ನಡೆಯುತ್ತದೆ.

ಹನಿ ನೀರಾವರಿಯ ನಳಿಕೆಯನ್ನು ಗಿಡದ ಬುಡಕ್ಕೆ ಇಟ್ಟು ದಿನಕ್ಕೆ ಇಪ್ಪತ್ತು ನಿಮಿಷ ಎಂದು ಟೈಮರ್ ಹಾಕುವುದು ಇಲ್ಲಿ ಮನೆಯ ಜೊತೆಗೇ ಬರುವ ಪದ್ಧತಿ. ಅದರಿಂದ ತೇವವಾಗುವುದು ಬುಡದ ಒಂದು ಅಡಿ ಮಾತ್ರ. ಆ ಒದ್ದೆ ಉಂಡೆಯ ಅಂಚಿನಲ್ಲಿ ಉಪ್ಪು ಬೆಳ್ಳಗೆ ಕಟ್ಟಿಕೊಳ್ಳುತ್ತದೆ, ಬೇರು ಆ ಗೋಡೆಯನ್ನು ದಾಟದೆ ಒಳಗೇ ಉಳಿಯುತ್ತದೆ. ಬದಲಿಗೆ, ಗಿಡದ ಸುತ್ತ ಪಾತಿ ಮಾಡಿ. ಎಲೆಗಳ ಹರವು ಎಲ್ಲಿಯವರೆಗೆ ಇದೆಯೋ ಅದಕ್ಕಿಂತ ಒಂದಡಿ ಹೊರಗೆ ನಾಲ್ಕೈದು ಇಂಚಿನ ಬದು ಕಟ್ಟಿ, ಕಾಂಡದ ಬುಡದಲ್ಲಿ ನೀರು ನಿಲ್ಲದಂತೆ ಅಲ್ಲಿ ಸ್ವಲ್ಪ ಮಣ್ಣು ಏರಿಸಿ. ನೀರು ಕೊಡಲು ಬಬ್ಲರ್ (ನೀರನ್ನು ಬುಗ್ಗೆಯಂತೆ ಉಕ್ಕಿಸುವ ನಳಿಕೆ) ಅಥವಾ ಸಾದಾ ಪೈಪು ಸಾಕು. ಗಿಡ ಬೆಳೆದಂತೆ ಪಾತಿಯನ್ನು ಪ್ರತಿವರ್ಷ ಹೊರಕ್ಕೆ ಸರಿಸಬೇಕು.

ಎಷ್ಟು ನೀರು ಎಂಬುದಕ್ಕೆ ನಿಮಿಷದ ಲೆಕ್ಕ ಬೇಡ, ಆಳದ ಲೆಕ್ಕ ಇರಲಿ. ಮರಕ್ಕೆ ಎರಡರಿಂದ ಮೂರು ಅಡಿ ಆಳದವರೆಗೆ ತೇವ ಇಳಿಯಬೇಕು. ಆರು ಅಡಿ ವ್ಯಾಸದ ಪಾತಿಯಲ್ಲಿ ಎರಡು ಇಂಚು ನೀರು ನಿಂತರೆ ಅದು ಸುಮಾರು 35 ಗ್ಯಾಲನ್, ಎಂದರೆ 130 ಲೀಟರ್. ಒಣಗಿದ ಮಧ್ಯಮ ಮಣ್ಣಿನಲ್ಲಿ ಅಷ್ಟು ನೀರು ತಣಿಸುವುದು ಒಂದು ಅಡಿಯನ್ನಷ್ಟೆ. ಮೂರು ಅಡಿಗೆ ಅದರ ಮೂರು ಪಟ್ಟು. ಕೆಳಗೆ ಹಳೆಯ ತೇವ ಇದ್ದರೆ ಅದಕ್ಕಿಂತ ಕಡಿಮೆ ಸಾಕು. ತಿಳಿಯುವುದು ಹೇಗೆ? ಮೂರು ಅಡಿ ಉದ್ದದ, ಬೆರಳು ದಪ್ಪದ ಕಬ್ಬಿಣದ ಸರಳನ್ನು ನೀರು ಹಾಕಿದ ಮರುದಿನ ಬೆಳಿಗ್ಗೆ ಪಾತಿಯಲ್ಲಿ ಚುಚ್ಚಿ. ತೇವ ಇರುವವರೆಗೆ ಅದು ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ, ಒಣ ಮಣ್ಣು ಬಂದ ತಕ್ಷಣ ನಿಂತುಬಿಡುತ್ತದೆ. ಐವತ್ತು ಡಾಲರಿನ ಯಾವ ತೇವಮಾಪಕಕ್ಕಿಂತಲೂ ನಾನು ಈ ಸರಳನ್ನೇ ನಂಬುತ್ತೇನೆ. ಉಪ್ಪು ಮಣ್ಣಿನಲ್ಲಿ ಅಂಥ ಅಗ್ಗದ ಮಾಪಕಗಳು ಒಣ ಮಣ್ಣನ್ನೂ ಒದ್ದೆ ಎಂದು ತೋರಿಸುತ್ತವೆ.

ಆಳಕ್ಕೆ ಕೊಟ್ಟ ಮೇಲೆ ಬಿಡುವು ಕೊಡಬೇಕು. ಹೊಸದಾಗಿ ನೆಟ್ಟ ಗಿಡಕ್ಕೆ ಮೊದಲ ಎರಡು ವಾರ ದಿನ ಅಥವಾ ದಿನ ಬಿಟ್ಟು ದಿನ, ಆಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ. ಮೊದಲ ಬೇಸಿಗೆಯಲ್ಲಿ ಎರಡರಿಂದ ನಾಲ್ಕು ದಿನ, ಎರಡನೆಯ, ಮೂರನೆಯ ಬೇಸಿಗೆಯಲ್ಲಿ ಐದರಿಂದ ಏಳು ದಿನ, ನೆಲೆಯೂರಿದ ಮರಕ್ಕೆ ಬೇಸಿಗೆಯಲ್ಲಿ ವಾರ, ಹತ್ತು ದಿನ, ಚಳಿಗಾಲದಲ್ಲಿ ಎರಡರಿಂದ ನಾಲ್ಕು ವಾರ. ಇದು ಅಂದಾಜು, ಮರಳು ಮಣ್ಣಿಗೆ ಬೇಗ, ಜೇಡಿಗೆ ತಡ. ಉಪ್ಪನ್ನು ತೊಳೆಯಲೆಂದೇ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ಎಂದಿನದಕ್ಕಿಂತ ಇಮ್ಮಡಿ ನೀರು ಕೊಟ್ಟು ಬೇರಿನ ಮಟ್ಟಕ್ಕಿಂತ ಕೆಳಕ್ಕೆ ಇಳಿಸಿ. ಮಳೆ ಚೂರು ಬಿದ್ದು ನಿಂತ ದಿನ ಈ ಕೆಲಸ ಮಾಡಿದರೆ ಇನ್ನೂ ಒಳ್ಳೆಯದು, ಏಕೆಂದರೆ ಸಣ್ಣ ಮಳೆ ಮೇಲ್ಗಡೆಯ ಉಪ್ಪನ್ನು ಕರಗಿಸಿ ಸರಿಯಾಗಿ ಬೇರಿನ ಬಾಯಿಗೇ ಇಳಿಸಿ ನಿಲ್ಲಿಸುತ್ತದೆ. ಮಳೆ ಬಂದಿತೆಂದು ನೀರು ನಿಲ್ಲಿಸುವ ಅಭ್ಯಾಸ ಇಲ್ಲಿ ತಿರುಗಿಬೀಳುತ್ತದೆ.

ಫೀನಿಕ್ಸ್, ಮೇಸಾ, ಟೆಂಪಿಯ ಕೆಲವು ಹಳೆಯ ಬಡಾವಣೆಗಳಿಗೆ ಕಾಲುವೆಯ ನೀರು ನೇರ ಹಿತ್ತಲಿಗೇ ನುಗ್ಗುವ ಹಕ್ಕು ಇದೆ. ಬೇಸಿಗೆಯಲ್ಲಿ ಸುಮಾರು ಎರಡು ವಾರಕ್ಕೊಮ್ಮೆ ಅಂಗಳ ಕೆರೆಯಾಗುತ್ತದೆ. ಅಂಥ ಮನೆ ಸಿಕ್ಕವರ ಮಾವಿನ ಮರಗಳನ್ನು ನೋಡಿ ನಾವು ಹೊಟ್ಟೆಕಿಚ್ಚು ಪಡುವುದಷ್ಟೇ ಉಳಿದಿದೆ. ಉಳಿದವರು ಉಪ್ಪಿಲ್ಲದ ನೀರನ್ನು ಹುಡುಕಬೇಕು. ಮಳೆನೀರು ಒಂದು: ನೂರು ಚದರ ಮೀಟರ್ ಚಾವಣಿಯಿಂದ ವರ್ಷಕ್ಕೆ ಹೆಚ್ಚುಕಡಿಮೆ 18,000 ಲೀಟರ್ ಲೆಕ್ಕಕ್ಕೆ ಬರುತ್ತದೆ, ಅದನ್ನು ಪಾತಿಗಳ ಕಡೆ ತಿರುಗಿಸುವ ಒಂದು ಚರಂಡಿ ತೋಡಿದರೂ ಸಾಕು. ಏರ್ ಕಂಡೀಷನರ್ ಪೈಪಿನಿಂದ ತೊಟ್ಟಿಕ್ಕುವ ನೀರು ಇನ್ನೊಂದು. ಜೂನ್‌ನ ಒಣ ಗಾಳಿಯಲ್ಲಿ ಅದು ನಾಮಕಾವಸ್ತೆ, ಜುಲೈ, ಆಗಸ್ಟ್‌ನ ಮಾನ್ಸೂನ್ ಸೆಖೆಯಲ್ಲಿ ಮಾತ್ರ ಬಕೆಟ್ ಬೇಗ ತುಂಬುತ್ತದೆ. ನಮ್ಮ ಮನೆಯ ಕುಂಡದಲ್ಲಿರುವ ಸಂಪಿಗೆ ಬದುಕಿರುವುದು ಆ ಬಕೆಟ್ಟಿನಿಂದ. ಬಟ್ಟೆ ಒಗೆದ ನೀರನ್ನು ಬಿಡುವುದಾದರೆ ಸೋಡಿಯಂ, ಬೋರಾನ್ ಇಲ್ಲದ ಸಾಬೂನನ್ನೇ ಬಳಸಿ. ವಾಟರ್ ಸಾಫ್ಟ್‌ನರ್‌ನಿಂದ ಬರುವ ನೀರನ್ನು ಗಿಡಕ್ಕೆ ಖಂಡಿತ ಹಾಕಬೇಡಿ; ಅದು ಸುಣ್ಣವನ್ನು ತೆಗೆದು ಅದರ ಜಾಗಕ್ಕೆ ಸೋಡಿಯಂ ತುಂಬಿಸಿಕೊಂಡ ನೀರು.

ಹೊದಿಕೆ ಮತ್ತು ನೆರಳು

ಪಾತಿಯ ಮೇಲೆ ನಾಲ್ಕರಿಂದ ಆರು ಇಂಚು ದಪ್ಪ ಮರದ ಚಕ್ಕೆಪುಡಿ ಹಾಸಿ, ಕಾಂಡದಿಂದ ಒಂದು ಗೇಣು ದೂರ ಬಿಡಿ. ಮರ ಕಡಿಯುವ ಗುತ್ತಿಗೆದಾರರು ಇದನ್ನು ಎಸೆಯಲು ಜಾಗ ಹುಡುಕುತ್ತಿರುತ್ತಾರೆ. ಕೇಳಿದರೆ ಪುಕ್ಕಟೆ ಸುರಿದು ಹೋಗುತ್ತಾರೆ, ಆದರೆ ಒಂದು ಲಾರಿಗಿಂತ ಕಡಿಮೆ ಸುರಿಯುವುದಿಲ್ಲ ಎಂಬುದನ್ನು ಮನೆಯವರಿಗೆ ಮೊದಲೇ ಹೇಳಿಡಿ. ನೆಲದ ಶಾಖ ಇಳಿಯುತ್ತದೆ, ನೀರು ಆವಿಯಾಗಿ ಉಪ್ಪು ಮೇಲೇರುವುದು ತಗ್ಗುತ್ತದೆ, ಎರಡು ವರ್ಷಕ್ಕೆ ಅಡಿಯಲ್ಲಿ ಕಪ್ಪು ಮಣ್ಣು ಹುಟ್ಟಿ ಎರೆಹುಳು ಕಾಣಿಸುತ್ತದೆ. ಅಂಗಳಕ್ಕೆ ಜಲ್ಲಿಕಲ್ಲು ಹಾಸುವುದು ಇಲ್ಲಿಯ ರೂಢಿ. ಹಣ್ಣಿನ ಮರದ ಸುತ್ತ ಅದನ್ನು ತೆಗೆದುಬಿಡಿ.

ಮೊದಲ ಎರಡು ಮೂರು ಬೇಸಿಗೆ ಮೇ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಶೇಕಡ 30ರಿಂದ 50ರಷ್ಟು ನೆರಳು ಕೊಡುವ ಬಲೆಯನ್ನು ಪಶ್ಚಿಮ ಮತ್ತು ಮೇಲ್ಭಾಗಕ್ಕೆ ಕಟ್ಟಿ, ಪೂರ್ವ ತೆರೆದಿರಲಿ. ಬಲೆ ಎಲೆಗೆ ತಾಕಬಾರದು, ಕಂಬ ಗಟ್ಟಿಯಾಗಿರಬೇಕು, ಏಕೆಂದರೆ ಜುಲೈನ ಧೂಳುಬಿರುಗಾಳಿಗೆ ಬಲೆ ಹಾಯಿಯಂತೆ ಉಬ್ಬಿ ಗಿಡವನ್ನೇ ಕಿತ್ತುಕೊಂಡು ಹೋಗುತ್ತದೆ. ಕಾಂಡಕ್ಕೂ ಬಿಸಿಲು ತಾಗಿ ತೊಗಟೆ ಸೀಳುವುದರಿಂದ, ಮನೆಯ ಒಳಗೋಡೆಗೆ ಬಳಿಯುವ ಬಿಳಿಯ ಲೇಟೆಕ್ಸ್ ಬಣ್ಣಕ್ಕೆ ಸಮಪಾಲು ನೀರು ಬೆರೆಸಿ ಬಳಿಯಿರಿ. ಊರಿನಲ್ಲಿ ರಸ್ತೆಬದಿಯ ಮರಗಳಿಗೆ ಸುಣ್ಣ ಬಳಿದಂತೆ ಕಾಣುತ್ತದೆ. ಕೆಳಗಿನ ರೆಂಬೆಗಳನ್ನು ಕತ್ತರಿಸಬೇಡಿ, ಅವೇ ಕಾಂಡಕ್ಕೆ ಲಂಗ. ಬೇಸಿಗೆಯಲ್ಲಿ ಸವರುವ ಕೆಲಸವೇ ಬೇಡ. ಡ್ರ್ಯಾಗನ್ ಹಣ್ಣು ಕಳ್ಳಿಯ ಜಾತಿಯೆಂದು ಬಯಲಿನಲ್ಲಿ ಬಿಟ್ಟವರು ಜುಲೈಗೆ ಬೇಯಿಸಿದ ಸೌತೆಕಾಯಿಯಂಥದ್ದನ್ನು ನೋಡುತ್ತಾರೆ. ಅದು ಕಾಡಿನ ನೆರಳಿನ ಕಳ್ಳಿ, ಅದಕ್ಕೆ ಬಲೆ ಯಾವಾಗಲೂ ಬೇಕು.

ಎಲೆಯನ್ನು ಓದುವುದು

ಹಳೆಯ ಎಲೆಯ ತುದಿಯಿಂದ ಶುರುವಾಗಿ ಅಂಚಿನಲ್ಲಿ ಹರಡುವ ಕಂದು ಉಪ್ಪಿನದು. ಮದ್ದು ಆಳದ ನೀರು. ಬಿಸಿಲಿಗೆ ಮುಖಮಾಡಿದ ಎಲೆಗಳ ನಡುಭಾಗದಲ್ಲಿ ಬಿಳಿಚಿ ನಂತರ ಒಣಗುವ ಮಚ್ಚೆ ಬಿಸಿಲಿನದು, ಮದ್ದು ನೆರಳು. ಹೊಸ ಚಿಗುರು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಬಲೆಯಂತೆ ಕಂಡರೆ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದೆ, ಕ್ಷಾರದಿಂದಾಗಿ ಗಿಡಕ್ಕೆ ದಕ್ಕುವುದಿಲ್ಲ. ಅಂಗಡಿಯ ಸಾದಾ ಕಬ್ಬಿಣದ ಪುಡಿಯೂ ಇಡಿಟಿಎ ಎಂಬ ರಾಸಾಯನಿಕಕ್ಕೆ ಬೆಸೆದ ಕಬ್ಬಿಣವೂ ಈ ಪಿಎಚ್‌ನಲ್ಲಿ ಕೆಲಸ ಮಾಡುವುದಿಲ್ಲ. ಇಡಿಡಿಎಚ್‌ಎ ಎಂದು ಬರೆದಿರುವುದನ್ನೇ ಕೇಳಿ ತನ್ನಿ. ಅದು ಕಡುಗೆಂಪು ಪುಡಿ, ಡಬ್ಬಿಯ ಮೇಲಿನ ಪ್ರಮಾಣದಂತೆ ಪಾತಿಗೆ ಹಾಕಿ ತಕ್ಷಣ ನೀರು ಕೊಡಬೇಕು. ಕಾಂಕ್ರೀಟಿನ ಮೇಲೆ ಚೆಲ್ಲಿದರೆ ಆ ಕಲೆ ಹೋಗುವುದಿಲ್ಲ. ಚಳಿಗಾಲದಲ್ಲಿ ಎಲೆ ಹಳದಿಯಾದರೆ ಮಾತ್ರ ಗಾಬರಿ ಬೇಡ, ಮಣ್ಣು ತಣ್ಣಗಿರುವಾಗ ಬೇರು ಮಲಗಿರುತ್ತದೆ, ಮಾರ್ಚ್‌ವರೆಗೆ ಕಾಯಿರಿ.

ಗೊಬ್ಬರದಲ್ಲಿ ಕೈ ಬಿಗಿಯಿರಲಿ. ರಾಸಾಯನಿಕ ಗೊಬ್ಬರವೂ ಒಂದು ಬಗೆಯ ಉಪ್ಪೇ. ಮೊದಲ ವರ್ಷ ಏನೂ ಬೇಡ. ನಂತರ ಮಾರ್ಚ್, ಮೇ ಮತ್ತು ಸೆಪ್ಟೆಂಬರ್ ಮೊದಲ ವಾರದಲ್ಲಿ ಚೆನ್ನಾಗಿ ಕಳಿತ ಕಾಂಪೋಸ್ಟ್ ಸಾಕು. ಅದರಿಂದಾಚೆ ಕೊಟ್ಟರೆ ಅಕ್ಟೋಬರಿನ ಎಳೆ ಚಿಗುರು ಡಿಸೆಂಬರಿಗೆ ಬಲಿ. ಕುದುರೆ ಲಾಯದ ಗೊಬ್ಬರ ತರುವವರು, ಹುಲ್ಲಿಗೆ ಕಳೆನಾಶಕ ಹೊಡೆದಿದ್ದರೆ ಅದು ಗೊಬ್ಬರದಲ್ಲೂ ಉಳಿಯುತ್ತದೆಂಬುದನ್ನು ತಿಳಿದು, ಮೊದಲು ಒಂದು ಕುಂಡದಲ್ಲಿ ನಾಲ್ಕು ಹುರುಳಿಕಾಯಿ ಬೀಜ ಹಾಕಿ ಪರೀಕ್ಷಿಸಿ. ಚಿಗುರು ಮುರುಟಿಕೊಂಡರೆ ಆ ಗೊಬ್ಬರ ಬೇಡ.

ಚಳಿಯ ರಾತ್ರಿಗಳು

ಹವಾಮಾನ ವರದಿ 36 ಡಿಗ್ರಿ ಫ್ಯಾರನ್‌ಹೀಟ್ ಎಂದರೆ ನಿಮ್ಮ ಹಿತ್ತಲು 32, ಅಂದರೆ ನೀರು ಹೆಪ್ಪುಗಟ್ಟುವ ಮಟ್ಟದಲ್ಲಿ, ಇರಬಹುದು. ಒಂದು ಥರ್ಮಾಮೀಟರನ್ನು ಗಿಡದ ಪಕ್ಕದಲ್ಲೇ ನೇತುಹಾಕಿ. ಎಳೆಯ ಮಾವಿಗೂ ಪಪ್ಪಾಯಿಗೂ 32 ಎಂದರೆ ಅಪಾಯ. ಸೀಬೆ 27ರವರೆಗೆ ತಾಳುತ್ತದೆ, ಬಲಿತ ಮಾವು ಕೆಲವು ಗಂಟೆಗಳ ಮಟ್ಟಿಗೆ ಇನ್ನೂ ಸ್ವಲ್ಪ ಕೆಳಗೆ ಹೋದರೂ ಉಳಿದೀತು. ಹಗಲು ಪಾತಿಗೆ ನೀರು ಹಾಕಿ, ಸಂಜೆ ಹೊತ್ತು ಮುಳುಗುವ ಮುನ್ನ ಹಳೆಯ ಬೆಡ್‌ಶೀಟನ್ನು ಚೌಕಟ್ಟಿನ ಮೇಲೆ ನೆಲ ಮುಟ್ಟುವಂತೆ ಹೊದಿಸಿ. ನೆಲದ ಶಾಖವನ್ನು ಒಳಗೆ ಹಿಡಿಯುವುದೇ ಉದ್ದೇಶವಾದ್ದರಿಂದ ಛತ್ರಿಯಂತೆ ಮೇಲೆ ಮಾತ್ರ ಮುಚ್ಚಿ ಪ್ರಯೋಜನವಿಲ್ಲ. ಪ್ಲಾಸ್ಟಿಕ್ ಎಲೆಗೆ ತಾಕಿದ ಕಡೆಯೆಲ್ಲ ಸುಡುತ್ತದೆ. ಒಳಗೆ ಹಳೆಯ ಕಾಲದ ಬಿಸಿಯಾಗುವ ಕ್ರಿಸ್‌ಮಸ್ ದೀಪದ ಸರವನ್ನು ಸುತ್ತಿ. ಸಿ9 ಗಾತ್ರದ ಒಂದು ಬಲ್ಬು 7 ವಾಟ್, 25 ಬಲ್ಬಿನ ಸರ 175 ವಾಟ್ ಶಾಖ ಕೊಡುತ್ತದೆ. ಎಲ್‌ಇಡಿ ಸರ ಹಬ್ಬಕ್ಕಷ್ಟೇ ಸರಿ. ಬಲ್ಬು ಬಟ್ಟೆಗೆ ತಾಕದಂತೆ ನೋಡಿ, ಬೆಳಿಗ್ಗೆ ಬಿಸಿಲೇರಿದ ಮೇಲೆ ಹೊದಿಕೆ ತೆಗೆಯಿರಿ. ಕರಟಿದ ರೆಂಬೆಯನ್ನು ಕೂಡಲೇ ಕತ್ತರಿಸಬೇಡಿ. ಏಪ್ರಿಲ್‌ನಲ್ಲಿ ಚಿಗುರು ಎಲ್ಲಿಂದ ಒಡೆಯುತ್ತದೆಂದು ತಾನೇ ಹೇಳುತ್ತದೆ.

ಹೂವು, ಕಾಯಿ

ಇಲ್ಲಿ ಮಾವು ಫೆಬ್ರವರಿ, ಮಾರ್ಚ್‌ನಲ್ಲಿ ಹೂ ಬಿಡುತ್ತದೆ, ಕೆಲವೊಮ್ಮೆ ಮಂಡಿಯೆತ್ತರದ ಗಿಡವೂ ಬಿಡುತ್ತದೆ. ಮೊದಲ ಎರಡು ಮೂರು ವರ್ಷ ಆ ಗೊಂಚಲನ್ನು ಚಿವುಟಿಹಾಕಲು ಮನಸ್ಸು ಗಟ್ಟಿಮಾಡಿಕೊಳ್ಳಬೇಕು. ಆ ತಿಂಗಳುಗಳಲ್ಲಿ ರಾತ್ರಿ 50 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಪರಾಗ ಕೆಲಸ ಮಾಡದೆ ಗೋಲಿ ಗಾತ್ರದ ಗೊಡ್ಡು ಕಾಯಿಗಳು ಕಟ್ಟುತ್ತವೆ. ಅವು ಉದುರಿದರೆ ನೀರಿನದೋ ಗೊಬ್ಬರದದೋ ತಪ್ಪೆಂದು ಹುಡುಕಬೇಡಿ. ಸೀತಾಫಲದ ತೊಂದರೆ ಬೇರೆ: ಹೂವು ಮೊದಲು ಹೆಣ್ಣಾಗಿ, ಆಮೇಲೆ ಗಂಡಾಗಿ ತೆರೆಯುತ್ತದೆ, ಒಣ ಗಾಳಿಗೆ ಅಷ್ಟರಲ್ಲಿ ಪರಾಗ ಹಿಡಿಯುವ ಶಲಾಕಾಗ್ರ ಒಣಗಿರುತ್ತದೆ. ಸಂಜೆ ಪೂರ್ತಿ ಅರಳಿದ ಹೂವಿನ ಪರಾಗವನ್ನು ಚಿಕ್ಕ ಬಣ್ಣದ ಕುಂಚದಿಂದ ಒಂದು ಡಬ್ಬಿಗೆ ಉದುರಿಸಿಕೊಂಡು, ಮರುದಿನ ನಸುಕಿನಲ್ಲಿ ಅರೆಬಿರಿದ ಹೂವಿನ ದಳಗಳನ್ನು ಮೆಲ್ಲಗೆ ಸರಿಸಿ ಒಳಗೆ ಸವರಿದರೆ ಕಾಯಿ ನಿಲ್ಲುತ್ತದೆ.

ಕೀಟಗಳು ಇಲ್ಲಿ ಕಡಿಮೆ, ಕಳ್ಳರು ಹೆಚ್ಚು. ಜುಲೈ, ಆಗಸ್ಟ್‌ನಲ್ಲಿ ಹಸಿರು ಹೊಳಪಿನ ದೊಡ್ಡ ಜೀರುಂಡೆಗಳು ಅಂಜೂರಕ್ಕೆ ಮುತ್ತುತ್ತವೆ, ಎಲೆಯಂಥ ಹಿಂಗಾಲಿನ ತಿಗಣೆಗಳು ದಾಳಿಂಬೆಗೆ ಸೂಜಿ ಚುಚ್ಚುತ್ತವೆ, ಇಲಿಗಳು ಕಿತ್ತಳೆಯನ್ನು ಒಳಗೇ ಟೊಳ್ಳು ಮಾಡುತ್ತವೆ. ಹಣ್ಣು ಬಲಿಯುವ ಮೊದಲೇ ತೆಳುಬಟ್ಟೆಯ ಚೀಲ ಕಟ್ಟಿದರೆ ಜೀರುಂಡೆ, ತಿಗಣೆ, ಹಕ್ಕಿಗಳ ಜೊತೆ ಬಿಸಿಲಿನ ಸುಡುವಿಕೆಯೂ ತಪ್ಪುತ್ತದೆ. ಇಲಿ ಮಾತ್ರ ಆ ಬಟ್ಟೆಯನ್ನು ಕಡಿದುಬಿಡುತ್ತದೆ, ಬಿದ್ದ ಹಣ್ಣನ್ನು ಅಂದಂದೇ ಆರಿಸುವುದು ಅದಕ್ಕೆ ಮೊದಲ ಉಪಾಯ. ಮಾವನ್ನು ಮರದಲ್ಲೇ ಹಣ್ಣಾಗಲು ಬಿಟ್ಟರೆ ಪಶ್ಚಿಮದ ಕಡೆಯ ತಿರುಳು ಬೆಂದು ಪಾರದರ್ಶಕವಾಗುತ್ತದೆ. ತೊಟ್ಟಿನ ಎರಡೂ ಪಕ್ಕದ ಹೆಗಲು ತುಂಬಿ ತೊಟ್ಟು ತಗ್ಗಿನಲ್ಲಿ ಕುಳಿತಂತೆ ಕಂಡಾಗ, ಒಂದು ಇಂಚು ತೊಟ್ಟು ಬಿಟ್ಟು ಕತ್ತರಿಸಿ, ಸೊನೆ ಇಳಿಯಲು ತಲೆಕೆಳಗಾಗಿ ಅರ್ಧ ಗಂಟೆ ಇಟ್ಟು, ಮನೆಯೊಳಗೆ ಅಕ್ಕಿ ಡಬ್ಬದಲ್ಲೋ ಕಾಗದ ಹಾಸಿದ ರಟ್ಟಿನ ಪೆಟ್ಟಿಗೆಯಲ್ಲೋ ಹಣ್ಣಿಗೆ ಹಾಕಿ. ನಾಲ್ಕನೆಯ ದಿನದಿಂದ ಮುಚ್ಚಳ ತೆಗೆದು ಮೂಸಿ ನೋಡುತ್ತಿರಿ.